ಚೆಂಡು ರಿಂಗಿನತ್ತ ಹಾರುವ ಮೊದಲೇ ಸೋತ ಆಟ

ಓದುಗರ ಪ್ರಶ್ನೋತ್ತರ

ಕಾಲೇಜು ಬಾಸ್ಕೆಟ್‌ಬಾಲ್ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರೆಲ್ಲ ಸೋಲುತ್ತಿರುವ ಒಂದಲ್ಲ ಒಂದು ತಂಡದ ಅಭಿಮಾನಿಗಳು. ಉತ್ತರಗಳಿಗೆ ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮಗಳೇ ಆಧಾರ. ಅಮೆರಿಕದ ಕಾಲೇಜು ನಿಯಮ ಬೇರೆಯಾಗಿರುವ ಕಡೆ ಹಾಗೆಂದು ಹೇಳಿದ್ದೇವೆ.

ಪ್ರಶ್ನೆ: ನಮ್ಮ ಕಾಲೇಜು ತಂಡ ಸತತ ಆರು ಪಂದ್ಯ ಸೋತಿದೆ. ಹುಡುಗರಿಗೆ ಗುರಿಯೇ ಇಲ್ಲ ಎಂದು ಎಲ್ಲರೂ ಬೈಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಳೆದ ಪಂದ್ಯದ ಲೆಕ್ಕ ಕಳಿಸಿದ್ದೇನೆ. ನಾವು 50 ಎಸೆತಗಳಲ್ಲಿ 22 ಹಾಕಿದೆವು, ಅದರಲ್ಲಿ ಮೂರಂಕದ್ದು (ದೂರದ ಗೆರೆಯಾಚೆಯಿಂದ ಎಸೆದು ಮೂರು ಅಂಕ ತಂದದ್ದು) 4. ಫ್ರೀ ಥ್ರೋ (ಫೌಲ್‌ಗೆ ಸಿಗುವ ತಡೆಯಿಲ್ಲದ ಎಸೆತ) 15ಕ್ಕೆ 8, ಆಕ್ರಮಣದ ರಿಬೌಂಡ್ (ತಪ್ಪಿದ ಎಸೆತದ ಚೆಂಡನ್ನು ಎಸೆದ ತಂಡವೇ ಮತ್ತೆ ಹಿಡಿದದ್ದು) 6, ಟರ್ನೋವರ್ (ಎಸೆಯದೆಯೇ ಚೆಂಡು ಕಳೆದುಕೊಂಡದ್ದು) 24. ಎದುರಾಳಿಗಳು 70ಕ್ಕೆ 29, ಅದರಲ್ಲಿ ಮೂರಂಕದ್ದು 6. ಫ್ರೀ ಥ್ರೋ 13ಕ್ಕೆ 9, ಆಕ್ರಮಣದ ರಿಬೌಂಡ್ 15, ಟರ್ನೋವರ್ 13. 56–73ರಲ್ಲಿ ಸೋತೆವು. ತಪ್ಪು ಎಲ್ಲಿದೆ?

ಉತ್ತರ: ನಿಮಗೆ ಅನ್ನಿಸಿದ್ದೇ ಸರಿ. ಗುರಿಯಲ್ಲಿ ನಿಮ್ಮವರೇ ಒಂದು ಕೈ ಮೇಲು. ಮೂರಂಕದ ಎಸೆತಕ್ಕೆ ಒಂದೂವರೆ ಬೆಲೆ ಕಟ್ಟಿ ನೋಡಿದರೆ ನಿಮ್ಮದು ಶೇ. 48, ಅವರದು ಶೇ. 46. ಹಾಗಿದ್ದೂ 17 ಅಂಕದ ಸೋಲು ಏಕೆ ಎಂದರೆ, ಅವರು ನಿಮಗಿಂತ 20 ಎಸೆತ ಹೆಚ್ಚು ಎಸೆದಿದ್ದಾರೆ.

ಆ 20 ಎಲ್ಲಿಂದ ಬಂತು ಎಂದು ನೋಡೋಣ. ಮೊದಲು ಒಂದು ತಂಡಕ್ಕೆ ಎಷ್ಟು ಸಲ ದಾಳಿಯ ಸರದಿ ಬಂತು ಎಂದು ಲೆಕ್ಕ ಹಾಕಬೇಕು. ಒಟ್ಟು ಎಸೆತಗಳಿಂದ ಆಕ್ರಮಣದ ರಿಬೌಂಡ್ ಕಳೆಯಿರಿ, ಟರ್ನೋವರ್ ಕೂಡಿಸಿ, ಎಸೆದ ಒಟ್ಟು ಫ್ರೀ ಥ್ರೋಗಳನ್ನು 0.44ರಿಂದ ಗುಣಿಸಿ ಅದನ್ನೂ ಕೂಡಿಸಿ. ನಿಮಗೆ ಸುಮಾರು 75, ಅವರಿಗೆ 74. ಅಂದರೆ ಅವಕಾಶ ಇಬ್ಬರಿಗೂ ಸಮನಾಗಿಯೇ ಸಿಕ್ಕಿತ್ತು. ಅವರಿಗಿಂತ 11 ಸರದಿಯನ್ನು ನಿಮ್ಮವರು ಎಸೆಯದೆಯೇ ಬಿಟ್ಟುಕೊಟ್ಟರು, ಇನ್ನು 9 ಸಲ ಅವರು ತಪ್ಪಿದ ಚೆಂಡನ್ನು ಅವರೇ ಮತ್ತೆ ಹಿಡಿದರು. ಹನ್ನೊಂದು, ಒಂಬತ್ತು, ಅಲ್ಲಿಗೆ ಇಪ್ಪತ್ತು. ಈ ಬಗೆಯ ಲೆಕ್ಕವನ್ನು ಜನಪ್ರಿಯಗೊಳಿಸಿದ ಡೀನ್ ಆಲಿವರ್, ಗೆಲುವು ಸೋಲನ್ನು ನಾಲ್ಕು ಅಂಶಗಳಲ್ಲಿ ಅಳೆಯುತ್ತಾರೆ: ಎಸೆತದ ಗುಣ, ಟರ್ನೋವರ್, ಆಕ್ರಮಣದ ರಿಬೌಂಡ್, ಫ್ರೀ ಥ್ರೋ. ನಿಮ್ಮ ತಂಡದ ಕಾಯಿಲೆ ಎರಡನೆಯದು ಮತ್ತು ಮೂರನೆಯದು. ಮೂರು ಸರದಿಗೆ ಒಂದರಂತೆ ಚೆಂಡು ಕಳೆದುಕೊಳ್ಳುವ ತಂಡ ಎಷ್ಟು ಚೆನ್ನಾಗಿ ಗುರಿಯಿಟ್ಟರೂ ಸಾಲದು.

ಟರ್ನೋವರ್‌ಗಳಲ್ಲೂ ಎರಡು ಜಾತಿ. ಚೆಂಡು ಗೆರೆಯಾಚೆ ಹೋಯಿತು, ಟ್ರಾವೆಲಿಂಗ್ (ಚೆಂಡು ಪುಟಿಸದೆ ಹೆಜ್ಜೆ ಹಾಕುವ ತಪ್ಪು) ಆಯಿತು ಅಂದರೆ ಸರದಿ ಹೋಯಿತು ಅಷ್ಟೆ. ನಿಮ್ಮವರು ಹಿಂದಕ್ಕೆ ಓಡಿ ರಕ್ಷಣೆಗೆ ನಿಲ್ಲಲು ಸಮಯ ಸಿಗುತ್ತದೆ. ಪಾಸನ್ನು ನಡುವೆ ಹಿಡಿದುಕೊಂಡು ಓಡಿದರೆ ಆ ಕಡೆ ಒಂಟಿ ಲೇಅಪ್, ಅಂದರೆ ರಿಂಗಿನ ಹತ್ತಿರಕ್ಕೇ ಹೋಗಿ ಹಾಕುವ ಸುಲಭದ ಎಸೆತ. ಎರಡನೆಯದು ನಿಮ್ಮ ಅಂಕವನ್ನೂ ತಿಂದು ಎದುರಾಳಿಗೂ ಅಂಕ ಕೊಡುತ್ತದೆ. ಆದ್ದರಿಂದ 24ರಲ್ಲಿ ಎಷ್ಟು ಯಾವ ಜಾತಿಯವು ಎಂದು ಬೇರೆಬೇರೆಯಾಗಿ ಬರೆದಿಡಿ.

ಕಾಲೇಜು ತಂಡಗಳಲ್ಲಿ ಮತ್ತೆ ಮತ್ತೆ ಕಾಣುವ ಕಳುವು ಒಂದಿದೆ. ಮೂರಂಕದ ಗೆರೆಯ ನೆತ್ತಿಯಲ್ಲಿ (ರಿಂಗಿಗೆ ನೇರ ಎದುರಿನ ಭಾಗದಲ್ಲಿ) ನಿಂತ ಗಾರ್ಡ್ (ಹೊರಗಿನಿಂದ ಆಡುವ ಆಟಗಾರ), ಪಕ್ಕದ ಗಾರ್ಡ್‌ಗೆ ಅಡ್ಡಡ್ಡಲಾಗಿ ಪಾಸ್ ಕೊಡುತ್ತಾನೆ. ತೆಗೆದುಕೊಳ್ಳಬೇಕಾದವನು ನಿಂತಲ್ಲೇ ಕೈ ಚಾಚಿರುತ್ತಾನೆ. ಅವನನ್ನು ಕಾಯುತ್ತಿರುವವನು ಒಂದು ಹೆಜ್ಜೆ ಮುಂದೆ ಹಾಕಿದರೆ ಸಾಕು, ಚೆಂಡು ಅವನ ಕೈಯಲ್ಲಿ, ಮುಂದೆ ಯಾರೂ ಇಲ್ಲ. ಇದಕ್ಕೆ ಮದ್ದು ಕೊಡುವವನ ಕೈಯಲ್ಲಿರುವುದಕ್ಕಿಂತ ಹೆಚ್ಚಾಗಿ ತೆಗೆದುಕೊಳ್ಳುವವನ ಕಾಲಲ್ಲಿದೆ. ಅವನು ಮೊದಲು ರಿಂಗಿನ ಕಡೆ ಎರಡು ಹೆಜ್ಜೆ ನಡೆಯಬೇಕು, ರಕ್ಷಕ ಹಿಂದೆ ಸರಿದೊಡನೆ ಪಾದ ಊರಿ ಚುರುಕಾಗಿ ಹೊರಕ್ಕೆ ಬರಬೇಕು, ರಕ್ಷಕನಿಂದ ದೂರದ ಕೈಯನ್ನು ಗುರಿಯಾಗಿ ತೋರಿಸಬೇಕು, ಚೆಂಡು ಕೈ ಸೇರುವವರೆಗೂ ಚೆಂಡಿನ ಕಡೆಗೇ ಬರುತ್ತಿರಬೇಕು. ಕೊಡುವವನು ಡ್ರಿಬ್ಲಿಂಗ್ (ಚೆಂಡು ಪುಟಿಸುವುದು) ನಿಲ್ಲಿಸುವ ಮೊದಲೇ ಯಾರಿಗೆ ಕೊಡುವುದು ಎಂದು ನೋಡಿಟ್ಟುಕೊಂಡಿರಬೇಕು. ಚೆಂಡು ಹಿಡಿದು ನಿಂತ ಮೇಲೆ ಹುಡುಕಲು ಹೊರಟರೆ ರಕ್ಷಕರಿಗೆ ಹಬ್ಬ. ಗಾಳಿಯಲ್ಲಿ ಹಾರಿ, ಆಮೇಲೆ ಪಾಸ್ ಯಾರಿಗೆ ಎಂದು ಯೋಚಿಸುವ ಅಭ್ಯಾಸವನ್ನಂತೂ ಮೊದಲ ದಿನವೇ ನಿಲ್ಲಿಸಬೇಕು.

ರಿಬೌಂಡ್‌ನ ಒಂಬತ್ತಕ್ಕೆ ಕಾರಣ ಎತ್ತರದ ಕೊರತೆಯೆಂದು ತೀರ್ಮಾನಿಸಬೇಡಿ. ಎದುರಾಳಿ ಎಸೆದ ಕ್ಷಣ ನಿಮ್ಮ ಐವರ ಮುಖ ನೋಡಿ. ಐವರೂ ಕತ್ತೆತ್ತಿ ಚೆಂಡನ್ನೇ ನೋಡುತ್ತಿದ್ದರೆ ಕಾರಣ ಸಿಕ್ಕಿತು. ಚೆಂಡು ಗಾಳಿಯಲ್ಲಿರುವಾಗ ಮೊದಲು ತನ್ನ ಎದುರಾಳಿಯನ್ನು ಹುಡುಕಬೇಕು, ಮುಂಗೈಯಿಂದ ಅವನನ್ನು ಮುಟ್ಟಿ ಎಲ್ಲಿದ್ದಾನೆಂದು ತಿಳಿಯಬೇಕು, ತಿರುಗಿ ಬೆನ್ನು ಕೊಟ್ಟು ಸೊಂಟ ತಗ್ಗಿಸಿ ಅಡ್ಡ ನಿಲ್ಲಬೇಕು, ಆಮೇಲೆ ಚೆಂಡಿನ ಕಡೆ ಕಣ್ಣು. ಮೂಲೆಯಿಂದ ಎಸೆದು ತಪ್ಪಿದ ಚೆಂಡು ಬಹುಪಾಲು ರಿಂಗಿನ ಆಚೆ ಬದಿಗೆ ಹೋಗುತ್ತದೆ, ದೂರದಿಂದ ಎಸೆದದ್ದು ದೂರಕ್ಕೇ ಪುಟಿಯುತ್ತದೆ. ಹಾಗಾಗಿ ಆಚೆ ಬದಿಯಲ್ಲಿ ನಿಂತ ಗಾರ್ಡ್ ರಿಬೌಂಡ್ ದೊಡ್ಡವರ ಕೆಲಸ ಎಂದುಕೊಂಡು ಮುಂದಕ್ಕೆ ಓಡಿಬಿಟ್ಟರೆ, ಅವನ ಕೈಗೆ ಬರಬೇಕಾದ ಚೆಂಡೇ ಎದುರಾಳಿಗೆ ಸಿಗುತ್ತದೆ.

ಪ್ರಶ್ನೆ: ನಮ್ಮ ಸೆಂಟರ್ (ರಿಂಗಿನ ಹತ್ತಿರ ಆಡುವವನು) ಒಳ್ಳೆಯ ಆಟಗಾರ. ಆದರೆ ಅವನಿಗೆ ಚೆಂಡು ಸಿಕ್ಕೊಡನೆ ಮೂವರು ಸುತ್ತುವರಿಯುತ್ತಾರೆ. ಉಳಿದವರು ಸಹಾಯಕ್ಕೆಂದು ಹತ್ತಿರ ಓಡಿದರೂ ಏನೂ ಆಗುತ್ತಿಲ್ಲ.

ಉತ್ತರ: ಹತ್ತಿರ ಓಡುವುದೇ ತೊಂದರೆ. ಪ್ರತಿಯೊಬ್ಬನೂ ತನ್ನ ಜೊತೆಗೆ ಒಬ್ಬ ರಕ್ಷಕನನ್ನು ಕರೆದುಕೊಂಡು ಬರುತ್ತಾನೆ. ಸೆಂಟರ್‌ನಿಂದ ಎರಡು ಮೀಟರ್ ದೂರದಲ್ಲಿ ನಿಮ್ಮ ಫಾರ್ವರ್ಡ್ ನಿಂತಿದ್ದರೆ ಒಬ್ಬನೇ ರಕ್ಷಕ ಒಂದು ಹೆಜ್ಜೆಯಲ್ಲಿ ಇಬ್ಬರನ್ನೂ ಕಾಯಬಲ್ಲ. ಅದೇ ಐದು ಮೀಟರ್ ದೂರ ನಿಂತರೆ ಆ ರಕ್ಷಕ ಯಾರಾದರೊಬ್ಬರನ್ನು ಬಿಡಲೇಬೇಕು. ಇಬ್ಬರ ನಡುವೆ ನಾಲ್ಕೂವರೆಯಿಂದ ಐದೂವರೆ ಮೀಟರ್ ಅಂತರ ಇರಲಿ ಎನ್ನುವುದು ಹಳೆಯ ಪಾಠ. ಅಂಕಣದ ಅಗಲ 15 ಮೀಟರ್ ಇರುವುದರಿಂದ ಇದಕ್ಕೆ ಜಾಗ ಧಾರಾಳ.

ಚೆಂಡು ಸೆಂಟರ್‌ಗೆ ಹೋದೊಡನೆ ಉಳಿದ ನಾಲ್ವರಿಗೂ ಕೆಲಸ ಗೊತ್ತಿರಬೇಕು. ಪಾಸ್ ಕೊಟ್ಟವನು ಅಲ್ಲೇ ನಿಲ್ಲದೆ ಮೂಲೆಗೆ ಸರಿಯಬೇಕು, ಇಲ್ಲವೇ ರಿಂಗಿನ ಕಡೆ ನುಗ್ಗಿ ಆಚೆ ಬದಿಗೆ ದಾಟಬೇಕು. ಆಚೆ ಬದಿಯ ಇಬ್ಬರಲ್ಲಿ ಒಬ್ಬ ಮೂಲೆಯಲ್ಲಿ, ಇನ್ನೊಬ್ಬ ನೆತ್ತಿಯ ಕಡೆ. ಐದನೆಯವನು ತನ್ನ ರಕ್ಷಕ ಸೆಂಟರ್ ಕಡೆ ತಿರುಗಿದ ಕ್ಷಣವೇ ಅವನ ಬೆನ್ನ ಹಿಂದಿನಿಂದ ರಿಂಗಿಗೆ ಬರಬೇಕು. ಸೆಂಟರ್‌ಗೂ ಒಂದು ಶಿಸ್ತು ಬೇಕು: ಚೆಂಡನ್ನು ಗಲ್ಲದ ಕೆಳಗೆ ಹಿಡಿದು ಮೊದಲು ಒಳಗಿನ ಭುಜದ ಮೇಲಿಂದ ನೋಡುವುದು, ಎರಡನೆಯವನು ಬರುತ್ತಿದ್ದಾನೋ ಇಲ್ಲವೋ ತಿಳಿದುಕೊಳ್ಳುವುದು. ನೋಡುವ ಮೊದಲೇ ಚೆಂಡನ್ನು ನೆಲಕ್ಕೆ ಹೊಡೆದರೆ ಬಂದವನು ಅದನ್ನು ಕೆಳಗಿನಿಂದಲೇ ಎತ್ತಿಕೊಂಡು ಹೋಗುತ್ತಾನೆ.

ಪ್ರಶ್ನೆ: ಎದುರಾಳಿಗಳು 2–3 ಝೋನ್ ಹಾಕಿದ ಕೂಡಲೇ ನಮ್ಮವರು ಕಲ್ಲಾಗುತ್ತಾರೆ. ಹೊರಗೆ ಹೊರಗೇ ಪಾಸ್ ಮಾಡಿ, ಗಡಿಯಾರ ಮುಗಿಯುತ್ತಿದ್ದಂತೆ ಯಾರೋ ಒಬ್ಬರು ದೂರದಿಂದ ಎಸೆಯುತ್ತಾರೆ. ಝೋನ್ ಒಡೆಯುವುದು ಹೇಗೆ?

ಉತ್ತರ: ಬಂದ ಪತ್ರಗಳಲ್ಲಿ ಅರ್ಧದಷ್ಟು ಇದನ್ನೇ ಕೇಳಿವೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ.

2–3ರಲ್ಲಿ ಇಬ್ಬರು ಮುಂದೆ, ಫ್ರೀ ಥ್ರೋ ಗೆರೆಯ ಎರಡು ತುದಿಗಳ ಹತ್ತಿರ. ಮೂವರು ಹಿಂದೆ, ನಡುವೆ ಸೆಂಟರ್, ಅಕ್ಕಪಕ್ಕ ಫಾರ್ವರ್ಡ್‌ಗಳು. ಪ್ರತಿಯೊಬ್ಬನೂ ಕಾಯುವುದು ಒಂದು ಜಾಗವನ್ನು. ಹಾಗಾಗಿ ಇಬ್ಬರ ಜಾಗಗಳು ಸೇರುವ ಕಡೆ ಬಿರುಕು ಇದ್ದೇ ಇರುತ್ತದೆ. ಮುಖ್ಯವಾದವು ನಾಲ್ಕು. ಮುಂದಿನ ಇಬ್ಬರ ಬೆನ್ನ ಹಿಂದೆ, ಫ್ರೀ ಥ್ರೋ ಗೆರೆಯ ನಡುಭಾಗ. ಎರಡೂ ಬದಿಯ ರೆಕ್ಕೆಗಳು, ಅಲ್ಲಿಗೆ ಮುಂದಿನವನು ಹೋಗಬೇಕೋ ಹಿಂದಿನವನು ಬರಬೇಕೋ ಎಂಬ ಗೊಂದಲ ಯಾವಾಗಲೂ ಇರುತ್ತದೆ. ಮೂರಂಕದ ಮೂಲೆಗಳು. ಕೊನೆಯದು, ಅಂತ್ಯ ಗೆರೆಯ ಹತ್ತಿರ, ರಿಂಗಿನಿಂದ ಮೂರು ಮೀಟರ್ ಪಕ್ಕಕ್ಕೆ ಇರುವ ಜಾಗ. ಅಲ್ಲಿ ನಿಂತವನು ಹಿಂದಿನ ಮೂವರ ಕಣ್ಣಿಗೇ ಬೀಳುವುದಿಲ್ಲ.

ಮುಂದೆ ಇಬ್ಬರಿರುವ ಝೋನ್ ಎದುರು ನಿಮ್ಮ ಕಡೆಯಿಂದ ನೆತ್ತಿಯಲ್ಲಿ ಒಬ್ಬನೇ ನಿಲ್ಲಲಿ. ಎರಡು ರೆಕ್ಕೆಗಳಲ್ಲಿ ಇಬ್ಬರು, ಫ್ರೀ ಥ್ರೋ ಗೆರೆಯಲ್ಲಿ ಒಬ್ಬ, ಅಂತ್ಯ ಗೆರೆಯುದ್ದಕ್ಕೂ ಓಡಾಡಲು ಒಬ್ಬ. ಇದು 1–3–1. ನೆತ್ತಿಯವನನ್ನು ಇಬ್ಬರಲ್ಲಿ ಯಾರು ಕಾಯಬೇಕು ಎಂಬಲ್ಲೇ ಅವರ ಮೊದಲ ತಡವರಿಕೆ ಶುರುವಾಗುತ್ತದೆ.

ಇನ್ನು ನಡುವಿನವನಿಗೆ ಚೆಂಡು ತಲುಪಿಸಬೇಕು. ಇಲ್ಲಿ ಎತ್ತರದವನಿಗಿಂತ ಚೆನ್ನಾಗಿ ಪಾಸ್ ಕೊಡಬಲ್ಲವನನ್ನು ನಿಲ್ಲಿಸಿ. ಚೆಂಡು ಕೈಗೆ ಬಂದೊಡನೆ ಅವನು ತಿರುಗಿ ರಿಂಗಿಗೆ ಮುಖ ಮಾಡಬೇಕು. ರಿಂಗಿಗೆ ಬೆನ್ನು ಹಾಕಿಯೇ ನಿಂತು ಚೆಂಡನ್ನು ಹೊರಕ್ಕೆ ವಾಪಸ್ ಕೊಡುವುದು ಕಾಲೇಜು ತಂಡಗಳ ದೊಡ್ಡ ತಪ್ಪು. ಅಷ್ಟು ಕಷ್ಟಪಟ್ಟು ಒಳಗೆ ಕಳಿಸಿದ ಪಾಸ್ ಅದರಿಂದ ವ್ಯರ್ಥವಾಗುತ್ತದೆ. ಮುಖ ತಿರುಗಿದರೆ ಅವರ ಸೆಂಟರ್ ಇಕ್ಕಟ್ಟಿಗೆ ಸಿಗುತ್ತಾನೆ. ಮುಂದೆ ಬಂದರೆ ಅವನ ಬೆನ್ನ ಹಿಂದೆ, ಅಂತ್ಯ ಗೆರೆಯಲ್ಲಿ ನಿಂತ ನಿಮ್ಮವನಿಗೆ ಪಾಸ್, ಅಲ್ಲಿಂದ ಲೇಅಪ್. ಬಾರದಿದ್ದರೆ ನಾಲ್ಕೂವರೆ ಮೀಟರ್‌ನಿಂದ ತಡೆಯಿಲ್ಲದ ಎಸೆತ. ಪಕ್ಕದ ಫಾರ್ವರ್ಡ್ ಒಳಗೆ ಕುಗ್ಗಿದರೆ ಆ ಬದಿಯ ಮೂಲೆ ಖಾಲಿ.

ನೇರವಾಗಿ ಒಳಗೆ ಪಾಸ್ ಸಿಗದಿದ್ದರೆ ಡ್ರಿಬ್ಲಿಂಗ್ ಮಾಡಿಯೇ ಬಿರುಕಿಗೆ ನುಗ್ಗಿ. ಎರಡೇ ಹೆಜ್ಜೆ ಸಾಕು. ಮುಂದಿನ ಇಬ್ಬರೂ ಮುಚ್ಚಲು ಬರುತ್ತಾರೆ, ರೆಕ್ಕೆಯವನು ಒಂಟಿಯಾಗುತ್ತಾನೆ. ಇನ್ನೊಂದು ದಾರಿ, ಒಂದು ರೆಕ್ಕೆಯಿಂದ ಝೋನ್‌ನ ತಲೆಯ ಮೇಲಿಂದ ಆಚೆ ಮೂಲೆಗೆ ಉದ್ದನೆಯ ಪಾಸ್. ಚೆಂಡು ಗಾಳಿಯಲ್ಲಿದ್ದಾಗಲೇ ಐವರೂ ಸರಿಯಬೇಕಾಗುತ್ತದೆ. ಆಗ ಮೂಲೆಗೆ ಹೊರಟ ಅವರ ಫಾರ್ವರ್ಡ್‌ಗೆ ನಿಮ್ಮವನೊಬ್ಬ ಸ್ಕ್ರೀನ್ ಹಾಕಿದರೆ, ಅಂದರೆ ದಾರಿಗೆ ಅಡ್ಡ ನಿಂತರೆ, ಅವನು ಖಂಡಿತ ತಡವಾಗುತ್ತಾನೆ.

ಯಾವ ದಾರಿ ಹಿಡಿದರೂ ಒಬ್ಬನ ಕೈಯಲ್ಲಿ ಚೆಂಡು ಎರಡು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ನಿಂತರೆ ಝೋನ್ ಉಸಿರು ತೆಗೆದುಕೊಂಡು ಮತ್ತೆ ತನ್ನ ಜಾಗಕ್ಕೆ ಬಂದುಬಿಡುತ್ತದೆ. ಒಂದು ಸರದಿಯಲ್ಲಿ ಎಸೆಯಲು ಸಿಗುವ 24 ಸೆಕೆಂಡಿನಲ್ಲಿ 15 ಸೆಕೆಂಡ್ ಹೊರಗಿನ ಪಾಸ್‌ಗಳಿಗೇ ಹೋಗುವುದು ಹೀಗೆ. ಅಭ್ಯಾಸಕ್ಕೆ ಹತ್ತು ನಿಮಿಷದ ಒಂದು ಪಾಠ ಮಾಡಿಸಿ: ಐವರ ಎದುರು ಐವರು, ಡ್ರಿಬ್ಲಿಂಗ್ ಇಲ್ಲ, ಫ್ರೀ ಥ್ರೋ ಗೆರೆಯ ನಡುವಿನವನನ್ನು ಒಮ್ಮೆಯಾದರೂ ಚೆಂಡು ಮುಟ್ಟದೆ ಯಾರೂ ಎಸೆಯುವಂತಿಲ್ಲ. ಮೊದಲ ವಾರ ಇದು ನೋಡಲು ಚೆನ್ನಾಗಿರುವುದಿಲ್ಲ, ಪಾಸ್‌ಗಳು ಚೆಲ್ಲಾಪಿಲ್ಲಿಯಾಗುತ್ತವೆ. ಬಿಡಬೇಡಿ.

ಮೂಲೆಯಿಂದ ಎಸೆಯುವವರಿಗೆ ಒಂದು ಎಚ್ಚರಿಕೆ. ಜಿಮ್ ಬೋಹೈಮ್ 1976ರಿಂದ 2023ರವರೆಗೆ ತರಬೇತಿ ಕೊಟ್ಟ ಸಿರಾಕ್ಯೂಸ್ ತಂಡ 2–3 ಝೋನ್‌ಗೇ ಹೆಸರಾದದ್ದು. 2003ರ ಅಮೆರಿಕದ ಕಾಲೇಜು ಫೈನಲ್‌ನಲ್ಲಿ ಅದು ಕ್ಯಾನ್ಸಸ್ ತಂಡವನ್ನು 81–78ರಿಂದ ಸೋಲಿಸಿತು. ಕೊನೆಯ ಕ್ಷಣದಲ್ಲಿ ಮೂಲೆಯಿಂದ ಬಂದ ಮೂರಂಕದ ಎಸೆತ ಪೂರ್ತಿ ಖಾಲಿ ಅವಕಾಶದಂತೆಯೇ ಕಾಣುತ್ತಿತ್ತು. ಒಳಗಿನಿಂದ ಹಾರಿಬಂದ ಸಿರಾಕ್ಯೂಸ್ ಆಟಗಾರ ಹಕೀಮ್ ವಾರಿಕ್ ಅದನ್ನು ಗಾಳಿಯಲ್ಲೇ ತಡೆದರು. ಉದ್ದ ಕೈಗಳ ಝೋನ್ ಎದುರು ಮೂಲೆಯವನು ಚೆಂಡು ಬರುವ ಮೊದಲೇ ಮೊಣಕಾಲು ಬಗ್ಗಿಸಿ ಸಿದ್ಧನಾಗಿರಬೇಕು. ಹಿಡಿದ ಮೇಲೆ ಸಿದ್ಧನಾಗುವ ಅರ್ಧ ಸೆಕೆಂಡಿನಲ್ಲಿ ಕೈ ಬಂದುಬಿಡುತ್ತದೆ.

ಪ್ರಶ್ನೆ: 15ಕ್ಕೆ 8 ಫ್ರೀ ಥ್ರೋ ಹಾಕುವ ತಂಡ ಗೆಲ್ಲುವುದುಂಟೇ? ತಡೆಯುವವರೇ ಇಲ್ಲದ ಎಸೆತವನ್ನೂ ತಪ್ಪುತ್ತಾರಲ್ಲ!

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಅಳೆದು ನೋಡಿ. ಶೇ. 53ರ ಬದಲು ಶೇ. 70 ಹಾಕಿದ್ದರೂ 15 ಎಸೆತದಲ್ಲಿ ಸಿಗುತ್ತಿದ್ದದ್ದು ಎರಡೂವರೆ ಅಂಕ. 17 ಅಂಕದ ಸೋಲಿಗೆ ಅದು ಕಾರಣವಲ್ಲ. ಎರಡು ಮೂರು ಅಂಕದಿಂದ ಸೋತ ಪಂದ್ಯವಾದರೆ ಮಾತು ಬೇರೆ.

ಸುಧಾರಿಸುವುದು ಮಾತ್ರ ಕಷ್ಟವಲ್ಲ. ರಿಂಗಿನ ಒಳ ವ್ಯಾಸ 45 ಸೆಂಟಿಮೀಟರ್, ಪುರುಷರ ಚೆಂಡಿನದು ಸುಮಾರು 24. ಚೆಂಡು ನೆಟ್ಟಗೆ ಮೇಲಿನಿಂದ ಬಿದ್ದರೆ ಪೂರ್ತಿ 45 ಸೆಂಟಿಮೀಟರ್ ಬಾಯಿ ಸಿಗುತ್ತದೆ. ಓರೆಯಾಗಿ ಬಂದಷ್ಟೂ ಆ ಬಾಯಿ ಕಿರಿದಾಗುತ್ತದೆ. 45 ಡಿಗ್ರಿಯಲ್ಲಿ ಇಳಿಯುವ ಚೆಂಡಿಗೆ ಸುಮಾರು 32 ಸೆಂಟಿಮೀಟರ್. 30 ಡಿಗ್ರಿಯಲ್ಲಿ ಬಂದರೆ ಇಪ್ಪತ್ತೆರಡೂವರೆ, ಅಂದರೆ ಚೆಂಡಿಗಿಂತಲೂ ಕಡಿಮೆ, ರಿಂಗನ್ನು ಮುಟ್ಟದೆ ಒಳಗೆ ಹೋಗುವಂತೆಯೇ ಇಲ್ಲ. ಚಪ್ಪಟೆಯಾಗಿ ಎಸೆಯುವವರು ತಾವೇ ರಿಂಗನ್ನು ಚಿಕ್ಕದು ಮಾಡಿಕೊಳ್ಳುತ್ತಾರೆ. ಮೊಣಕೈ ಹಣೆಯ ಮಟ್ಟಕ್ಕೆ ಏರಿದ ಮೇಲೆ ಚೆಂಡು ಬಿಡಲಿ, ಬಿಟ್ಟ ಮೇಲೂ ಮಣಿಕಟ್ಟು ರಿಂಗಿನ ಕಡೆ ಬಾಗಿಯೇ ಇರಲಿ.

ತಪ್ಪು ಯಾವ ಕಡೆ ಬೀಳುತ್ತದೆ ಎಂಬುದೂ ಕಾರಣ ಹೇಳುತ್ತದೆ. ಚೆಂಡು ಮುಂದೆಯೇ ಬಿದ್ದರೆ ಕಾಲು ಸೋತಿದೆ, ಮೊಣಕಾಲು ಬಗ್ಗುತ್ತಿಲ್ಲ. ಎಡಕ್ಕೋ ಬಲಕ್ಕೋ ಹೋದರೆ ಮೊಣಕೈ ಹೊರಗೆ ಚಾಚಿದೆ, ಇಲ್ಲವೇ ಆಸರೆಗೆ ಹಿಡಿದ ಕೈ ಕೊನೆಯಲ್ಲಿ ತಳ್ಳುತ್ತಿದೆ. ಅಭ್ಯಾಸದಲ್ಲಿ ಒಂದೇ ಸಮ ನೂರು ಎಸೆಯುವುದರಿಂದ ಹೆಚ್ಚು ಪ್ರಯೋಜನವಿಲ್ಲ, ಪಂದ್ಯದಲ್ಲಿ ಹಾಗೆ ಬರುವುದೇ ಇಲ್ಲ. ಅಂಕಣದ ಈ ತುದಿಯಿಂದ ಆ ತುದಿಗೆ ಎರಡು ಸಲ ಓಡಿ ಬಂದು ಎರಡೇ ಎಸೆಯಲಿ, ಮತ್ತೆ ಓಡಲಿ. ಹೀಗೆ ದಿನಕ್ಕೆ ಹತ್ತು ಸುತ್ತು. ಎಸೆಯಲು 5 ಸೆಕೆಂಡ್ ಇರುತ್ತದೆ. ಆ ಸಮಯದಲ್ಲಿ ಚೆಂಡನ್ನು ಎಷ್ಟು ಸಲ ಪುಟಿಸುವುದು, ಯಾವಾಗ ಉಸಿರು ಬಿಡುವುದು ಎಂಬುದು ಪ್ರತಿ ಸಲವೂ ಒಂದೇ ಆಗಿರಲಿ.

ಪ್ರಶ್ನೆ: ಎದುರಾಳಿಗಳು ಸಾಲಾಗಿ ಎಂಟು ಅಂಕ ಹೊಡೆಯುತ್ತಿದ್ದರೂ ನಮ್ಮ ಕೋಚ್ ಟೈಮ್ ಔಟ್ ಕೇಳುವುದಿಲ್ಲ ಏಕೆ?

ಉತ್ತರ: ಕೇಳಿರಲೂಬಹುದು. ಫಿಬಾ ನಿಯಮದಲ್ಲಿ ಚೆಂಡು ಆಟದಲ್ಲಿರುವಾಗ ಟೈಮ್ ಔಟ್ ಸಿಗುವುದಿಲ್ಲ. ಕೋಚ್ ಮೊದಲೇ ಮೇಜಿನವರಿಗೆ ಹೇಳಿಟ್ಟರೆ, ಸೀಟಿ ಊದಿ ಗಡಿಯಾರ ನಿಂತಾಗ ಅಥವಾ ಎದುರಾಳಿ ಬಾಸ್ಕೆಟ್ ಹಾಕಿದಾಗ ಕೊಡುತ್ತಾರೆ. ಅಮೆರಿಕದ ಕಾಲೇಜು ಆಟದಲ್ಲಿ ಚೆಂಡು ಹಿಡಿದ ಆಟಗಾರನೇ ಕೇಳಬಹುದು. ಟಿವಿಯಲ್ಲಿ ಅದನ್ನು ನೋಡಿ ಇಲ್ಲೂ ಹಾಗೇ ಎಂದುಕೊಳ್ಳುವವರು ಬಹಳ. ಫಿಬಾ ನಿಯಮದಲ್ಲಿ ತಂಡಕ್ಕೆ ಸಿಗುವ ಟೈಮ್ ಔಟ್ ಮೊದಲರ್ಧಕ್ಕೆ ಎರಡು, ದ್ವಿತೀಯಾರ್ಧಕ್ಕೆ ಮೂರು. ನಾಲ್ಕನೇ ಕ್ವಾರ್ಟರ್‌ನ ಕೊನೆಯ ಎರಡು ನಿಮಿಷಕ್ಕೆ ಎರಡಕ್ಕಿಂತ ಹೆಚ್ಚು ಉಳಿಸಿಕೊಳ್ಳುವಂತಿಲ್ಲ. ಮೊದಲರ್ಧದ ಎರಡನ್ನು ಬಳಸದೆ ಬಿಟ್ಟರೆ ಅವು ಅಲ್ಲಿಗೇ ಮುಗಿದವು, ಮುಂದಕ್ಕೆ ಬರುವುದಿಲ್ಲ. ಎರಡನೇ ಕ್ವಾರ್ಟರ್‌ನಲ್ಲಿ ತಂಡ ಕುಸಿಯುತ್ತಿರುವಾಗ ಅವನ್ನು ಜೇಬಿನಲ್ಲಿಟ್ಟುಕೊಂಡು ಕೂತ ಕೋಚ್ ಮೇಲೆ ನಿಮ್ಮ ಸಿಟ್ಟು ನ್ಯಾಯವೇ.

ಪ್ರಶ್ನೆ: ಪೂರ್ತಿ ಅಂಕಣದ ಪ್ರೆಸ್ (ಅಂಕಣದುದ್ದಕ್ಕೂ ಒತ್ತಡ ಹೇರುವ ರಕ್ಷಣೆ) ಎದುರು ನಮ್ಮ ಪಾಯಿಂಟ್ ಗಾರ್ಡ್ ಒಬ್ಬನೇ ಒದ್ದಾಡುತ್ತಾನೆ. ಅರ್ಧ ಗೆರೆ ದಾಟಿದರೂ ಅಲ್ಲೇ ಸಿಕ್ಕಿಬೀಳುತ್ತಾನೆ.

ಉತ್ತರ: ಪ್ರೆಸ್ ಹಾಕುವವರಿಗೆ ಬೇಕಾಗಿರುವುದೂ ಅದೇ, ಒಬ್ಬನೇ ಡ್ರಿಬ್ಲಿಂಗ್ ಮಾಡುತ್ತ ಅಂಚಿನುದ್ದಕ್ಕೂ ಬರುವುದು. ಅಂಕಣದಲ್ಲಿ ಅವರಿಗೆ ಪ್ರಿಯವಾದ ಜಾಗಗಳು ಎರಡು. ಚೆಂಡು ಒಳಬಂದ ಕಡೆಯ ಮೂಲೆ ಒಂದು, ಅರ್ಧ ಗೆರೆ ದಾಟಿದೊಡನೆ ಸಿಗುವ ಅಂಚು ಇನ್ನೊಂದು. ಎರಡನೆಯದರಲ್ಲಿ ಪಕ್ಕದ ಗೆರೆಯೂ ಅರ್ಧ ಗೆರೆಯೂ ಅವರ ಪರವಾಗಿ ಕಾಯುತ್ತವೆ, ಹಿಂದಕ್ಕೆ ಪಾಸ್ ಕೊಡಲೂ ಆಗದು. ಎಂಟು ಸೆಕೆಂಡಿನಲ್ಲಿ ಅರ್ಧ ದಾಟಬೇಕೆಂಬ ಆತುರದಲ್ಲಿ ನಿಮ್ಮವನು ನೇರವಾಗಿ ಆ ಬೋನಿಗೇ ಹೋಗಿ ನಿಲ್ಲುತ್ತಾನೆ.

ಚೆಂಡು ಒಳಗೆ ಕೊಡುವವನು ಬೋರ್ಡಿನ ಕೆಳಗೆ ನಿಲ್ಲಬಾರದು, ಪಾಸ್ ಬೋರ್ಡಿಗೇ ತಾಗುತ್ತದೆ. ಎದುರಾಳಿ ಬಾಸ್ಕೆಟ್ ಹಾಕಿದ ಮೇಲಾದರೆ ಅಂತ್ಯ ಗೆರೆಯುದ್ದಕ್ಕೂ ಓಡಲು ಅವನಿಗೆ ಅವಕಾಶವಿದೆ. ಅದನ್ನು ಬಳಸುವವರು ಅಪರೂಪ, ಬಳಸಲಿ. ಪಾಸ್ ತೆಗೆದುಕೊಂಡ ಗಾರ್ಡ್ ಚೆಂಡನ್ನು ನೆಲಕ್ಕೆ ಹೊಡೆಯುವ ಮೊದಲು ತಿರುಗಿ ಇಡೀ ಅಂಕಣ ನೋಡಬೇಕು. ಅವನಿಗೆ ಆಗ ಮೂರು ದಾರಿ ಕಾಣಲೇಬೇಕು: ಅಂಚಿನಲ್ಲಿ ಮುಂದೆ ಒಬ್ಬ, ಅಂಕಣದ ನಡುವೆ ಒಬ್ಬ, ಸ್ವಲ್ಪ ಹಿಂದೆ ಆಚೆ ಬದಿಗೆ ಒಬ್ಬ. ಆ ಹಿಂದಿನವನು ಬೇರಾರೂ ಅಲ್ಲ, ಚೆಂಡು ಒಳಗೆ ಕೊಟ್ಟವನೇ ಅಂಕಣದೊಳಕ್ಕೆ ಹೆಜ್ಜೆಯಿಟ್ಟು ನಿಲ್ಲಬೇಕು. ನಡುವಿನವನಿಗೆ ಚೆಂಡು ಸಿಕ್ಕರೆ ಪ್ರೆಸ್ ಮುರಿದಂತೆ, ಏಕೆಂದರೆ ಅವನಿಂದ ಎರಡೂ ಬದಿಗೆ ದಾರಿಯಿದೆ. ಇಬ್ಬರು ಮೇಲೆ ಬೀಳುವ ಮೊದಲೇ ಪಾಸ್ ಹೋಗಬೇಕು. ತಡವಾಗಿ ಸಿಕ್ಕಿಬಿದ್ದರೆ ಚೆಂಡನ್ನು ಗಲ್ಲದ ಕೆಳಗೆ ಗಟ್ಟಿ ಹಿಡಿದು, ಒಂದು ಪಾದ ಊರಿ, ಇನ್ನೊಂದು ಕಾಲನ್ನು ಇಬ್ಬರ ನಡುವೆ ಇಟ್ಟು ಜಾಗ ಮಾಡಿಕೊಳ್ಳಲಿ. ತಲೆಯ ಮೇಲಿಂದ ಕೊಡುವಂತೆ ತೋರಿಸಿ ಸೊಂಟದ ಪಕ್ಕದಿಂದ ಕೊಡಲಿ.

ಪ್ರೆಸ್ ಮುರಿದ ಮೇಲೆ ಉಸ್ಸಪ್ಪಾ ಎಂದು ನಿಂತುಬಿಡುವ ತಂಡಗಳಿಗೆ ಒಂದು ಮಾತು. ಆ ಹೊತ್ತಿಗೆ ಎದುರಾಳಿಯ ಇಬ್ಬರೋ ಮೂವರೋ ಹಿಂದೆಯೇ ಉಳಿದಿರುತ್ತಾರೆ. ನಿಮ್ಮ ಮೂವರಿಗೆ ಅವರ ಇಬ್ಬರೇ ಸಿಕ್ಕಾಗ ನುಗ್ಗಿ ಲೇಅಪ್ ಹಾಕದಿದ್ದರೆ ಅವರು ಪ್ರೆಸ್ ನಿಲ್ಲಿಸಲು ಕಾರಣವೇ ಇರುವುದಿಲ್ಲ. ಹಾಗೆ ಎರಡು ಲೇಅಪ್ ಬಿದ್ದರೆ ಅವರ ಕೋಚೇ ಹಿಂದಕ್ಕೆ ಕರೆಯುತ್ತಾರೆ.

ಪ್ರಶ್ನೆ: ನಮ್ಮ ಅತ್ಯುತ್ತಮ ಆಟಗಾರ್ತಿಗೆ ಮೊದಲ ಕ್ವಾರ್ಟರ್‌ನಲ್ಲೇ ಎರಡು ಫೌಲ್ ಬಿತ್ತು. ಕೋಚ್ ಆಕೆಯನ್ನು ವಿರಾಮದವರೆಗೂ ಕೂರಿಸಿದರು. ಸರಿಯೇ?

ಉತ್ತರ: ಸ್ವಲ್ಪ ಹೊತ್ತು ಸರಿ, ಪೂರ್ತಿ ಅರ್ಧ ಅತಿಯಾಯಿತು. ಐದನೇ ಫೌಲ್‌ಗೆ ಹೊರಹೋಗುವ ಆಟದಲ್ಲಿ ಇನ್ನೂ ಮೂರು ಬಾಕಿ ಇವೆ. ಫೌಲ್ ಹೇಗೆ ಬಂತೆಂದು ನೋಡಿ. ಕೈ ಚಾಚಿ ಚೆಂಡು ಕಸಿಯಲು ಹೋಗಿ ಬಂದದ್ದಾದರೆ ಮತ್ತೆ ಬರುತ್ತದೆ, ಕೂರಿಸಿ ತಿಳಿಹೇಳಬೇಕು. ರಿಬೌಂಡ್ ಗುದ್ದಾಟದಲ್ಲಿ ಬಂದದ್ದಾದರೆ, ಎದುರಾಳಿಯ ದುರ್ಬಲ ಆಟಗಾರ್ತಿಯನ್ನು ಕಾಯಲು ಹಚ್ಚಿ ಎರಡನೇ ಕ್ವಾರ್ಟರ್‌ನ ಅರ್ಧದಲ್ಲಿ ಒಳಗೆ ಕಳಿಸಬಹುದು. ತಂಡದ ಒಟ್ಟು ಫೌಲ್ ಮೇಲೂ ಕಣ್ಣಿರಲಿ. ಒಂದು ಕ್ವಾರ್ಟರ್‌ನಲ್ಲಿ ನಾಲ್ಕಾದ ಮೇಲೆ ಮುಂದಿನ ಪ್ರತಿ ರಕ್ಷಣಾ ಫೌಲ್‌ಗೂ ಎರಡು ಫ್ರೀ ಥ್ರೋ.

ಪ್ರಶ್ನೆ: ನಮಗಿಂತ ಬಲವಾದ ತಂಡಗಳ ಎದುರು ನಿಧಾನವಾಗಿ ಆಡುವುದು ಒಳ್ಳೆಯದೇ? ಅಭಿಮಾನಿಗಳಿಗೆ ಅದು ಹೇಡಿತನದಂತೆ ಕಾಣುತ್ತದೆ.

ಉತ್ತರ: ಹೇಡಿತನವಲ್ಲ, ಲೆಕ್ಕಾಚಾರ. ಸರದಿಗಳು ಹೆಚ್ಚಾದಷ್ಟೂ ಬಲವಾದ ತಂಡದ ಬಲ ಹೊರಗೆ ಬರುತ್ತದೆ, ಕಡಿಮೆಯಾದಷ್ಟೂ ದುರ್ಬಲ ತಂಡಕ್ಕೆ ಆಸೆ ಉಳಿಯುತ್ತದೆ. ಇದಕ್ಕೆ ದೊಡ್ಡ ಉದಾಹರಣೆ 1985ರ ಅಮೆರಿಕದ ಕಾಲೇಜು ಫೈನಲ್. ಆ ಟೂರ್ನಿಯಲ್ಲಿ ಎಸೆತದ ಗಡಿಯಾರ ಇರಲಿಲ್ಲ. ತನ್ನ ವಿಭಾಗದಲ್ಲಿ ಎಂಟನೇ ಶ್ರೇಯಾಂಕದ ವಿಲನೋವಾ ತಂಡ ಹಿಂದಿನ ವರ್ಷದ ಚಾಂಪಿಯನ್ ಜಾರ್ಜ್‌ಟೌನ್ ಎದುರು ತಾಳ್ಮೆಯಿಂದ ಪಾಸ್ ಮಾಡುತ್ತ, ಒಳ್ಳೆಯ ಅವಕಾಶ ಬರುವವರೆಗೆ ಕಾಯುತ್ತ, ಇಡೀ ಪಂದ್ಯದಲ್ಲಿ 28 ಸಲ ಮಾತ್ರ ಎಸೆಯಿತು. ಅದರಲ್ಲಿ 22 ಬಿದ್ದವು. 66–64ರಿಂದ ಗೆದ್ದಿತು. ಮುಂದಿನ ಋತುವಿನಿಂದಲೇ ಅಲ್ಲಿ 45 ಸೆಕೆಂಡಿನ ಗಡಿಯಾರ ಬಂತು, ಈಗ ಅದು 30ಕ್ಕೆ ಇಳಿದಿದೆ.

24 ಸೆಕೆಂಡಿನ ನಿಯಮದಲ್ಲಿ ಅಷ್ಟು ಕಾಯಲಾಗದು. ಮೊದಲ 8 ಸೆಕೆಂಡಿನ ಆತುರದ ಎಸೆತಗಳನ್ನು ಬಿಟ್ಟುಬಿಡುವುದು ಮಾತ್ರ ಯಾವ ತಂಡಕ್ಕೂ ಸಾಧ್ಯ, ಲೇಅಪ್ ಸಿಕ್ಕರೆ ಬೇರೆ ಮಾತು. ಎಸೆತದ ಹೊತ್ತಿಗೆ ಇಬ್ಬರು ಗಾರ್ಡ್‌ಗಳು ಹಿಂದಕ್ಕೆ ಓಡಲು ಸಿದ್ಧರಿರಬೇಕು, ಮೂವರು ಮಾತ್ರ ರಿಬೌಂಡ್‌ಗೆ. ನಿಧಾನವಾಗಿ ಆಡಿ, ಎದುರಾಳಿಗೆ ಮಾತ್ರ ಓಟದಲ್ಲಿ ಲೇಅಪ್ ಬಿಟ್ಟುಕೊಟ್ಟರೆ ಆಡಿದ್ದೆಲ್ಲ ನೀರುಪಾಲು. ನಿಮ್ಮ ಪತ್ರದ ಕೊನೆಯಲ್ಲಿ ಇನ್ನೆಷ್ಟು ಸೋಲು ನೋಡಬೇಕೋ ಎಂದು ಬರೆದಿದ್ದೀರಿ. ಅಮೆರಿಕದ ಕ್ಯಾಲ್‌ಟೆಕ್ ಪುರುಷರ ತಂಡ ತನ್ನ ಲೀಗ್‌ನಲ್ಲಿ ಸತತ 310 ಪಂದ್ಯ ಸೋತು, 2011ರ ಫೆಬ್ರುವರಿಯಲ್ಲಿ ಆಕ್ಸಿಡೆಂಟಲ್ ಕಾಲೇಜನ್ನು 46–45ರಿಂದ ಸೋಲಿಸಿತು. ಅಷ್ಟು ವರ್ಷವೂ ಆ ತಂಡವನ್ನು ನೋಡಲು ಬಂದವರು ಇದ್ದರು.

ಪ್ರಶ್ನೆ: ಕೊನೆಯ ಒಂದು ನಿಮಿಷ, ಐದು ಅಂಕ ಹಿಂದೆ. ನಮ್ಮವರು ಪ್ರತಿ ಸಲ ಮೂರಂಕದ ಎಸೆತವನ್ನೇ ಎಸೆದು ತಪ್ಪುತ್ತಾರೆ. ಏನು ಮಾಡಬೇಕು?

ಉತ್ತರ: ಒಂದು ನಿಮಿಷ ಬಾಕಿಯಿದ್ದರೆ ಐದು ಅಂಕಕ್ಕೆ ಎರಡು ಬಾಸ್ಕೆಟ್ ಸಾಕು, ಮೊದಲನೆಯದು ಎರಡಂಕದ್ದಾದರೂ ನಡೆಯುತ್ತದೆ. ಎದುರಾಳಿಗಳು ಮೂರಂಕದ ಗೆರೆ ಕಾಯಲು ಹೊರಗೆ ಬಂದಿರುತ್ತಾರೆ, ಒಳಗೆ ದಾರಿ ತೆರೆದಿರುತ್ತದೆ. ಎಂಟು ಸೆಕೆಂಡಿನೊಳಗೆ ಲೇಅಪ್ ಹಾಕಿದರೆ ಅಂತರ ಮೂರು, ಮತ್ತು ಕೊನೆಯ ಎರಡು ನಿಮಿಷದಲ್ಲಿ ಬಾಸ್ಕೆಟ್ ಬಿದ್ದೊಡನೆ ಗಡಿಯಾರ ನಿಲ್ಲುತ್ತದೆ. ಎದುರಾಳಿ ಚೆಂಡು ಒಳಗೆ ಕೊಡುವವರೆಗೆ ಕಾದು, ಅವರಲ್ಲಿ ಫ್ರೀ ಥ್ರೋ ಚೆನ್ನಾಗಿ ಬಾರದವನ ಕೈಗೆ ಚೆಂಡು ಹೋಗುವಂತೆ ಉಳಿದವರನ್ನು ಅಡ್ಡಗಟ್ಟಿ, ಆಮೇಲೆ ಚೆಂಡಿಗೇ ಕೈ ಹಾಕಿ ಫೌಲ್ ಮಾಡಬೇಕು. ಚೆಂಡು ಇನ್ನೂ ಗೆರೆಯಾಚೆ ಕೊಡುವವನ ಬಳಿಯಿರುವಾಗಲೇ ಫೌಲ್ ಮಾಡಿದರೆ ಕೊನೆಯ ಎರಡು ನಿಮಿಷದಲ್ಲಿ ಅವರಿಗೆ ಒಂದು ಫ್ರೀ ಥ್ರೋ ಜೊತೆಗೆ ಚೆಂಡೂ ಸಿಗುತ್ತದೆ. ಸೋಲುತ್ತಿರುವ ತಂಡ ಅವಸರದಲ್ಲಿ ಮಾಡುವ ಅತಿ ದುಬಾರಿ ತಪ್ಪು ಇದು. ಬೆನ್ನು ತಬ್ಬಿ ಹಿಡಿಯುವುದೂ ಬೇಡ, ಆಟದ ಮರ್ಯಾದೆ ಮೀರಿದ ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲ್ ಎಂದು ಕೊಟ್ಟರೆ ಎರಡು ಎಸೆತ ಹಾಗೂ ಚೆಂಡು ಎರಡೂ ಹೋಗುತ್ತವೆ.

ಅವರ ಕೊನೆಯ ಫ್ರೀ ಥ್ರೋ ರಿಂಗಿಗೆ ಬಿದ್ದೊಡನೆ ಉಳಿಸಿಟ್ಟ ಟೈಮ್ ಔಟ್ ತೆಗೆದುಕೊಳ್ಳಿ. ಆಗ ಚೆಂಡನ್ನು ನಿಮ್ಮ ಅಂತ್ಯ ಗೆರೆಯ ಬದಲು ಮುಂದಿನ ಅರ್ಧದ ಪಕ್ಕದ ಗೆರೆಯಿಂದ ಒಳಗೆ ಕೊಡಲು ಕೋಚ್ ಆಯ್ದುಕೊಳ್ಳಬಹುದು, ಎಸೆತಕ್ಕೆ 14 ಸೆಕೆಂಡ್ ಇರುತ್ತದೆ. ಮೂರಂಕದ ಎಸೆತಕ್ಕೆ ಸಮಯ ಬಂದಿರುವುದು ಈಗ. ಅದನ್ನು ಯಾರು, ಯಾವ ಸ್ಕ್ರೀನ್ ಹಿಂದಿನಿಂದ, ಯಾವ ಮೂಲೆಯಲ್ಲಿ ಎಸೆಯಬೇಕು ಎಂಬುದನ್ನು ಅಭ್ಯಾಸದ ಕೊನೆಯಲ್ಲಿ, ಕಾಲು ಸೋತಿರುವ ಹೊತ್ತಿನಲ್ಲಿ, ವಾರಕ್ಕೆ ಎರಡು ದಿನವಾದರೂ ಆಡಿಸಿ ನೋಡಲಿ.